ಸಾಹೇಬರ ಕುರ್ಚಿ ಎಡಕ್ಕೆ ವಾಲಿದ್ದು

ಎಪ್ಪತ್ತರ ದಶಕದ ಕೊನೆಯಲ್ಲಿ ಒಂದು ಸೋಮವಾರ, ಚನ್ನಗಿರಿಯ ನಮ್ಮ ಸರ್ಕಾರಿ ಕಚೇರಿಯಲ್ಲಿ ಸಾಹೇಬರ ಕುರ್ಚಿ ಎಡಕ್ಕೆ ಎರಡು ಬೆರಳು ವಾಲಿರುವುದು ಕಂಡುಬಂತು. ಕಡತಗಳು ನಿಂತವು. ಸಂಜೆಯೊಳಗೆ ಸುದ್ದಿ ಸಂತೇಬೆನ್ನೂರು ಮುಟ್ಟಿತು. ಸಾವುನೋವು ವರದಿಯಾಗಲಿಲ್ಲ. ಇಂಥ ಅನಾಹುತಗಳು ಆಮೇಲೆ ವರ್ಷಗಟ್ಟಲೆ ನಮ್ಮ ಬೆನ್ನು ಬಿಡಲಿಲ್ಲ.

೧. ಚನ್ನಗಿರಿ

ಅದು ತಿರುಗುವ ಕುರ್ಚಿ. ದಾವಣಗೆರೆಯ ಗ್ಯಾರೇಜಿನವನೊಬ್ಬ ಹಳೇ ಕಾರಿನ ಸುರುಳಿ ಸ್ಪ್ರಿಂಗಿಗೆ ಮೇಲೆ ಆಸನ, ಕೆಳಗೆ ಕಾಲು ಬೆಸೆದು ಮಾಡಿಕೊಟ್ಟದ್ದು. ಕೂತರೆ ಸ್ಪ್ರಿಂಗ್ ಕುಗ್ಗುತ್ತಿತ್ತು, ತಿರುಗಿದರೆ ತಿರುಚಿಕೊಳ್ಳುತ್ತಿತ್ತು.

ನಮ್ಮಲ್ಲಿ ದಿನಗೂಲಿಯ ಫಿಟ್ಟರ್ ಒಬ್ಬನಿದ್ದ. ಕೆಲಸ ಖಾಯಂ ಮಾಡಿ ಎಂಬ ಅವನ ಅರ್ಜಿ ಸಾಹೇಬರ ಮೇಜಿನ ಮೇಲಿತ್ತು. ಅವನು ಕುರ್ಚಿಯಡಿ ಬಗ್ಗಿ ನೋಡಿ ಹೇಳಿದ: "ಒತ್ರಿ, ತಡೀತೈತೆ. ತಿರುಚ್ರಿ, ಅದಕ್ಕೂ ತಡೀತೈತೆ. ಒತ್ಕೊಂಡೇ ತಿರುಚಿದ್ರೆ ಮಗ್ಗಲಿಗೆ ಜಿಗೀತೈತೆ ಸಾಹೇಬ್ರೇ."

"ನನ್ನ ತೂಕದ ಬಗ್ಗೆ ಮಾತಾಡ್ತೀಯೇನಯ್ಯಾ?"

ಹಾಜರಿ ಪುಸ್ತಕ ನನ್ನದು. ಅವನ ಜೀಪು, ಬೀಗ, ಬೀರು ರಿಪೇರಿಗಳನ್ನೆಲ್ಲ ಬರೆಯಲು ಬೇಸರವಾಗಿ, ಅಂದಿನಿಂದ ದಿನವೂ "ಕುರ್ಚಿ ಸ್ಪ್ರಿಂಗ್ ದುರಸ್ತಿ" ಎಂದೇ ಬರೆದೆ. ಅಕ್ಷರ ದುಂಡಗಿದೆಯೆಂದು ಸಾಹೇಬರು ಮೆಚ್ಚಿದರು.

೨. ಹೊನ್ನಾಳಿ

ಸಾಹೇಬರಿಗೆ ವರ್ಗವಾಯಿತು. ಅವರ ಜೊತೆ ಕುರ್ಚಿ ಹೋಯಿತು. ಕುರ್ಚಿಗೆ ಫಿಟ್ಟರ್ ಬೇಕು, ಫಿಟ್ಟರಿಗೆ ಹಾಜರಿ ಹಾಕಲು ನಾನು ಬೇಕು. ಅರ್ಜಿ ಮಾತ್ರ ದಾರಿಯಲ್ಲಿ ಕಳೆಯಿತು. ಅವನು ಇನ್ನೊಂದು ಬರೆದ.

ಇಲ್ಲಿ ರೋಗದ ಮೂಲ ಸಿಕ್ಕಿತು. ಬಾಗಿಲು ಬಲಕ್ಕೆ, ಕಿಟಕಿ ಎಡಕ್ಕೆ. ಬಾಗಿಲಲ್ಲಿ ಯಾರಾದರೂ ಅರ್ಜಿ ಹಿಡಿದು ನಿಂತರೆ ಸಾಹೇಬರು ಕಿಟಕಿಗೆ ತಿರುಗುತ್ತಿದ್ದರು.

"ಬಲಕ್ಕೆ ತಿರುಗಿದ್ರೆ ಸುರುಳಿ ಬಿಗೀತೈತೆ, ಎಡಕ್ಕೆ ತಿರುಗಿದ್ರೆ ಬಿಚ್ಕೊಂತೈತೆ. ಜನ ಬಂದಾಗ ಎದ್ದು ತಿರುಗ್ರಿ ಸಾಹೇಬ್ರೇ," ಅಂದ ಫಿಟ್ಟರ್.

ಜನ ಬಂದಾಗ ಎದ್ದು ನಿಲ್ಲಲು ಸೂಚಿಸಿದ್ದಕ್ಕೆ ಅವನಿಗೆ ಮೆಮೊ ಬಂತು.

೩. ನ್ಯಾಮತಿ

ಇಲ್ಲಿ ಅವನು ಮಾತಾಡಲಿಲ್ಲ. ಮೇಜನ್ನೇ ತಿರುಗಿಸಿಟ್ಟ. ಎದುರಿಗಿದ್ದ ಬಾಗಿಲು ಎಡಕ್ಕೆ ಬಂತು, ಮುಖ ತಿರುಗಿಸುವುದು ಬಲಕ್ಕಾಯಿತು. ಕುರ್ಚಿ ಒಂದು ತಿಂಗಳು ಕಂಬದಂತೆ ನಿಂತಿತು. ಸಾಹೇಬರು ಸಂತೋಷಪಟ್ಟು, "ನಿನ್ನ ಅರ್ಜಿ ನೋಡ್ತೀನಿ ಕಣಯ್ಯಾ," ಎಂದರು.

ಆದರೆ ಮೊದಲು ಅವರ ಬೆನ್ನ ಹಿಂದಿದ್ದ ರೆಕಾರ್ಡ್ ರೂಮು ಈಗ ಬಲಕ್ಕೆ ಬಂದಿತ್ತು. ಊಟದ ನಂತರ ಗುಮಾಸ್ತರಾದ ನಾವು ಮಲಗುತ್ತಿದ್ದದ್ದು ಅಲ್ಲೇ.

ಮೇಜನ್ನು ನಾವೇ ಮೊದಲಿನಂತೆ ಇಟ್ಟೆವು.

೪. ಜಗಳೂರು

ಫಿಟ್ಟರ್ ನಾಲ್ಕನೇ ಅರ್ಜಿ ಹಿಡಿದು ಬಾಗಿಲಲ್ಲಿ ನಿಂತ. ಸಾಹೇಬರು ಎಂದಿನಂತೆ ಎಡಕ್ಕೆ ತಿರುಗಿದರು, ಜೊತೆಗೆ ಭಾರ ಬಿಟ್ಟು ಒರಗಿದರು. ಸ್ಪ್ರಿಂಗ್ ಮಗ್ಗಲಿಗೆ ಜಿಗಿಯಿತು. ಸಾಹೇಬರು ನೆಲಕ್ಕೆ ಬಿದ್ದರು, ಮುಖ ಬಾಗಿಲ ಕಡೆ. ಇಷ್ಟು ವರ್ಷಗಳಲ್ಲಿ ಅವರು ಅವನನ್ನು ನೇರವಾಗಿ ನೋಡಿದ್ದು ಅದೇ ಮೊದಲು.

"ಏನಯ್ಯಾ ಅದು ಕೈಯಲ್ಲಿ?"

"ಖಾಯಂ ಅರ್ಜಿ ಸಾಹೇಬ್ರೇ."

"ಮೊದಲು ನನ್ನನ್ನ ಎತ್ತು."

ಎತ್ತಿದ.

ಮರುವಾರ ನಾಲ್ಕು ಕಾಲಿನ ಮರದ ಕುರ್ಚಿ ಬಂತು. ಅದು ತಿರುಗುತ್ತಿರಲಿಲ್ಲ. ಹೀಗಾಗಿ ಸಾಹೇಬರು ಅರ್ಜಿಯನ್ನು ಓದಲೇಬೇಕಾಯಿತು. ಅವನ ಕೆಲಸವೇನೆಂದು ತಿಳಿಯಲು ನನ್ನ ಹಾಜರಿ ಪುಸ್ತಕ ತರಿಸಿದರು. ವರ್ಷಗಟ್ಟಲೆ ಒಂದೇ ಸಾಲು, ದುಂಡಗೆ. ಅರ್ಜಿಯ ಅಂಚಿನಲ್ಲಿ ಬರೆದರು: "ಕಚೇರಿಯಲ್ಲಿ ಈಗ ಸ್ಪ್ರಿಂಗ್ ಇರುವುದಿಲ್ಲ. ಫಿಟ್ಟರ್ ಅಗತ್ಯವಿರುವುದಿಲ್ಲ."

ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಅವನನ್ನು ಕೆಲಸದಿಂದ ತೆಗೆಯಲಾಯಿತು. ಮರದ ಕುರ್ಚಿ ವಾಲಲಿಲ್ಲ.