ಕೊಟ್ರಪ್ಪನ ಗಂಟಲ ಗಂಟು

"ಇವತ್ತ ಈ ಗಂಟಿಗೆ ಒಂದ ಗತಿ ಕಾಣಸ್ತೇನಿ!" ಎಂದು ಕೊಟ್ರಪ್ಪ ಕನ್ನಡಿಯ ಮುಂದೆ ಗುಡುಗಿದ. ಎರಡು ಸಾವಿರದ ಐದರ ಆ ಭಾನುವಾರ ಅವನ ಕೊನೆಯ ಸಾದಾ ದಿನ. ಹೆಂಡತಿ ಮೈಲವ್ವನಿಗೆ ಅದು ಹೇಗೆ ಗೊತ್ತಾಗಬೇಕು?

ಗಂಟು ಅಂದರೆ ಗಂಟಲಿನದು, ನುಂಗಿದಾಗ ಏರಿಳಿಯುವ ಗಂಟಲಮಣಿ. ಎರಡು ಎತ್ತು, ಒಂದು ಟ್ರ್ಯಾಕ್ಟರ್, ಮೂವರು ಅಳಿಯಂದಿರನ್ನು ಹತೋಟಿಯಲ್ಲಿಟ್ಟ ಮನುಷ್ಯನಿಗೆ ಅದೊಂದು ಮಣಿದಿರಲಿಲ್ಲ. ಭಜನೆಯ ಸಾಲು ಮೇಲಕ್ಕೆ ಹೋದರೆ ಗಂಟೂ ಗದ್ದದ ಕೆಳಗೆ ಏರಿ ಕೂರುತ್ತಿತ್ತು. ದನಿ ಬಾಗಿಲಿಗೆ ಸಿಕ್ಕ ಬೆಕ್ಕಿನದಾಗುತ್ತಿತ್ತು!

ಭಜನಾ ಮೇಳಕ್ಕೆ ಹಾಡು ಕಲಿಸುವ ರಾಣೆಬೆನ್ನೂರಿನ ರುದ್ರಮುನಿ ಮಾಸ್ತರರು ಖಡಾಖಂಡಿತ ಹೇಳಿದ್ದರು: "ಗಂಟಲ ಬಿಗೀಬ್ಯಾಡ ಕೊಟ್ರಪ್ಪ. ಆಕಳಿಸಿದಂಗ ಬಾಯಿ ತಗದು ದನಿ ನೆತ್ತಿಗೆ ಬಿಡು. ಗಂಟು ಕುಂತಲ್ಲೇ ಕುಂದ್ರಬೇಕು. ಸೋಮವಾರ ಹಾವೇರಿ ಭಜನ್ಯಾಗ ಅದು ಏರಿತಂದ್ರ ಮ್ಯಾಲಿನ ಸಾಲು ನಮ್ಮ ಮೇಳದ ಗೂಡುಸಾಬಗ."

ಹದಿನೆಂಟು ವರ್ಷ ಆ ಸಾಲು ಕೊಟ್ರಪ್ಪನದು. ಬಿಟ್ಟುಕೊಟ್ಟಾನೆಯೇ?

ಆದರೆ ಕನ್ನಡಿ ನೋಡಿದರೆ ಗದ್ದ ತಾನೇ ಮೇಲೇಳುತ್ತಿತ್ತು.

"ಲೇ ಮೈಲವ್ವಾ, ಇಲ್ಲಿ ಬೆರಳಿಡು. ಏರಿದ್ರ ಹೇಳು."

"ಕೈಯಾಗ ಕೆಲಸ ಐತ್ರಿ."

"ಎರಡ ನಿಮಿಷ!"

ಅವಳು ಬೆಳಗಿನಿಂದ ಅಂಗಳದಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಕೈಯನ್ನು ಸೆರಗಿಗೆ ಒರೆಸಿ ಬಂದು ಗಂಟಿನ ಮೇಲೆ ಬೆರಳಿಟ್ಟಳು. ಅವನು ಹಾಡಿದ.

"ಏರಿತ್ರಿ."

ಮತ್ತೆ ಹಾಡಿದ.

"ಏರಿತ್ರಿ. ಅಟ್ಟಾನ ಹತ್ತಿತು."

"ನೀ ಒತ್ತಬ್ಯಾಡ!"

"ನಾ ಎಲ್ಲಿ ಒತ್ತೇನಿ? ಅದ ಓಡಾಕತ್ತೈತಿ!"

ಐದನೇ ಸಲಕ್ಕೆ ಕೊಟ್ರಪ್ಪನ ಕಣ್ಣು ಅಗಲವಾದವು. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಪೇಟೆಯಲ್ಲಿ ಹೇಳುತ್ತಾರೆ. ಹೇಳುವವರು ಆಗಷ್ಟೇ ಗಡ್ಡ ಹೆರೆದ ಗಂಟಲಿಗೆ ಹಚ್ಚಿಕೊಂಡು ನೋಡಿಲ್ಲ!

ಮೈಲವ್ವ ಗಾಬರಿಯಿಂದ ಕೊಬ್ಬರಿ ಎಣ್ಣೆ ತಂದಳು. ಅದೇ ಕೈಯಿಂದ ಈ ಕಿವಿಯಿಂದ ಆ ಕಿವಿಯವರೆಗೆ ಸವರಿದಳು.

"ಆಽಽಽಽ!"

ಪಕ್ಕದ ಮನೆಯ ಬಿಬಿಜಾನ್ ಗೋಡೆಯ ಮೇಲಿಂದ ಇಣುಕಿದಳು. "ಯಾರ ಹಾಡಿದ್ರು ಅಕ್ಕಾರ? ಎಷ್ಟ ಚಂದ ಸುರ ಹಚ್ಚಿದ್ರು!"

ಮೈಲವ್ವನ ಬೆರಳು ಇನ್ನೂ ಗಂಟಿನ ಮೇಲಿತ್ತು.

"ಏರಿಲ್ರಿ! ಖರೇನ ಏರಿಲ್ಲ! ಕುಂತಲ್ಲೇ ಕುಂತೈತಿ!"

ಕೊಟ್ರಪ್ಪ ಕುತ್ತಿಗೆಗೆ ಮೊಸರು ಬಡಿದುಕೊಂಡ. ಅದೇ ಬಾಯಿ ತೆರೆದು ದನಿಯನ್ನು ನೆತ್ತಿಗೆ ಬಿಟ್ಟ. ಸಂಜೆಯ ತನಕ ಹನ್ನೊಂದು ಸಲ ಆ ಸಾಲು ಹಾಡಿದ. ಗಂಟು ಅಲುಗಲಿಲ್ಲ. ಮೊಸರು ಮಾತ್ರ ಹೊಟ್ಟೆಯವರೆಗೆ ಇಳಿಯಿತು.

ಸೋಮವಾರ ನಸುಕಿನಲ್ಲಿ ಎದೆ ಹಿಡಿದುಕೊಂಡು ಕೂತ. ಏಳಲಿಲ್ಲ. ಮೇಳದವರು ಯಾರೂ ಹಾವೇರಿಗೆ ಹೋಗಲಿಲ್ಲ.

ತಿಂಗಳಾದ ಮೇಲೆ ಗೂಡುಸಾಬ ಬಂದು ಬಾಗಿಲಲ್ಲಿ ನಿಂತ.

"ಅಕ್ಕಾರ, ಆ ಸಾಲು ನನ್ನ ಕೊರಳಿಗೆ ಕಟ್ಯಾರ. ನಂದೂ ಗಂಟು ಏರ್ತೈತ್ರಿ. ಅಣ್ಣಾರಿಗೆ ಮಾಡಿದ ಔಷಧ ನನಗೂ..."

"ನಿನ್ನ ಬೆರಳ ನೀನ ಇಟ್ಗೊ. ಮೊದ್ಲ ಈ ಬುಟ್ಟಿ ತೊಟ್ಟು ಬಿಡಸು."

ಬಿಡಿಸಿದ. ಹಚ್ಚಿಕೊಂಡ. ಓಣಿಯೇ ಕೇಳುವಂತೆ ಒದರಿದ. ಗಂಟು ಅಟ್ಟ ಹತ್ತಿತು.

"ಅಣ್ಣಾರು ಎಷ್ಟ ದಿನಕ್ಕ ಕಲತ್ರು ಅಕ್ಕಾರ?" ಕಣ್ಣೀರು ಸುರಿಸುತ್ತ ಕೇಳಿದ.

"ಹದಿನೆಂಟ ವರ್ಷಕ್ಕ. ಹಾಡಿದ್ದು ಒಂದ ಸಂಜಿ."

ಅವನು ಈಗಲೂ ದಿನಾ ಬರುತ್ತಾನೆ. ಬೆಳಗಾದರೆ ಮೈಲವ್ವನಿಗೆ ಮೂರು ಕೆಲಸ: ನೀರು ತುಂಬುವುದು, ಅಂಗಳ ಗುಡಿಸುವುದು, ಗೂಡುಸಾಬನ ಗಂಟಲು ನೋಡುವುದು. ಅಂಗಳ ಬೇಗ ಮುಗಿಯುತ್ತದೆ.