ಮೊದಲ ಹಂತ ಸಂಸ್ಕೃತಿ

ಕುಂದಾಪುರದ ಹೊಳೆಬದಿಯ ದೋಣಿಕೇರಿಯಲ್ಲಿ ಆ ದಿನ ನಡೆದ ರಂಪಕ್ಕೆಲ್ಲ ಕಾರಣ ನಾಲ್ಕು ಕೆಂಪು ಕಲ್ಲು. ಬೆಳಿಗ್ಗೆ ಏಳು ಗಂಟೆಗೆ ಮುತ್ತ ಹಲ್ಲುಜ್ಜುತ್ತ ಹೊರಗೆ ಬಂದಾಗ ಅವು ಅವನ ಮನೆಯ ಪಕ್ಕದ ಚರಂಡಿಯೊಳಗೆ, ಕರೆಯದೆ ಬಂದು ಊಟಕ್ಕೆ ಕೂತ ನೆಂಟರ ಹಾಗೆ ಗಟ್ಟಿಯಾಗಿ ಕೂತಿದ್ದವು. ಕಲ್ಲಿನ ಮೇಲೆ ಮರಳಿನ ಚೀಲ, ಚೀಲದ ಮೇಲೆ ಕಂಬ, ಕಂಬದ ಮೇಲೆ ವೇದಿಕೆ. ವೇದಿಕೆಯ ಹಿಂದೆ ಬ್ಯಾನರು: ‘ಬಣ್ಣದ ಕೇರಿ ಉದ್ಘಾಟನೆ, ಬೆಳಿಗ್ಗೆ ಹನ್ನೊಂದಕ್ಕೆ.’

ಬಲೆ ರಿಪೇರಿ ಮಾಡಿ ಬದುಕುವ ಮುತ್ತನ ಮನೆ ಇಡೀ ಕೇರಿಯಲ್ಲೇ ತಗ್ಗಿನಲ್ಲಿತ್ತು. ಅಮಾವಾಸ್ಯೆ ಹುಣ್ಣಿಮೆಗೆ ಹೊಳೆ ಉಬ್ಬಿದರೆ ಉಪ್ಪುನೀರು ಅವನ ಹಿತ್ತಲಿಗೆ ಬಂದು, ಆ ಚರಂಡಿಯಲ್ಲಿ ಹರಿದು, ಆಚೆಯ ಬಯಲಿಗೆ ಹೋಗುತ್ತಿತ್ತು. ಅರ್ಧ ಕುಸಿದ ಮಣ್ಣಿನ ಚರಂಡಿ. ಅದನ್ನು ಸರಿಯಾಗಿ ಕಟ್ಟಿಸಿಕೊಡಿ ಎಂದು ಅವನು ಎಂಟು ವರ್ಷ ಅರ್ಜಿ ಬರೆದಿದ್ದ. ಎಂಟು ವರ್ಷ ಯಾರೂ ಬರಲಿಲ್ಲ. ಕೊನೆಗೆ, ಹಿಂದುಳಿದ ಕೇರಿಗಳನ್ನು ಕಲೆಯಿಂದ ಮೇಲೆತ್ತುವ ಹೊಸ ಮಂಡಳಿಯೊಂದು ಬಂತು. ದಾರಿಗೆ ಇಂಟರ್‌ಲಾಕ್ ಹಾಸಿತು, ಎರಡು ಬದಿಗೂ ಗಿಡ್ಡ ಕಟ್ಟೆ ಕಟ್ಟಿತು, ಗೋಡೆಗಳಿಗೆಲ್ಲ ಚಿತ್ರ ಬರೆಸಿತು. ಮುತ್ತನ ಗೋಡೆಯ ಮೇಲೆ ಒಬ್ಬ ಮೀನುಗಾರ ಮೂವತ್ತೆರಡು ಹಲ್ಲು ಬಿಟ್ಟು ನಗುತ್ತಿದ್ದ. ಮುತ್ತ ತನ್ನ ಮದುವೆಯಲ್ಲೂ ಅಷ್ಟು ನಕ್ಕವನಲ್ಲ.

ಈ ದಿನ ಅಮಾವಾಸ್ಯೆ. ಮಧ್ಯಾಹ್ನದ ಹೊತ್ತಿಗೆ ನೀರು ಏರುತ್ತದೆ. ಮುತ್ತ ಬ್ರಶ್ಶನ್ನು ಬಾಯಲ್ಲೇ ಕಚ್ಚಿಕೊಂಡು ಚರಂಡಿಗಿಳಿದು ಮೊದಲನೆಯ ಕಲ್ಲಿಗೆ ಕೈ ಹಾಕಿದ.

“ಹ್ವಾಯ್ ಹ್ವಾಯ್ ಹ್ವಾಯ್! ಮುತ್ತಣ್ಣ, ಮುಟ್ಟಬೇಡ ಮಾರಾಯ!”

ಪಕ್ಕದ ಮನೆಯ ಶೇಖರ ಇಸ್ತ್ರಿ ಮಾಡಿದ ಜುಬ್ಬದಲ್ಲಿ ಓಡಿ ಬಂದ. ಸ್ವಾಗತ ಸಮಿತಿಗೆ ಸೇರಿದ ಮೇಲೆ ಅವನು ನಡೆಯುವುದನ್ನೇ ಬಿಟ್ಟಿದ್ದ, ಬರೀ ಓಡುತ್ತಿದ್ದ.

“ಆ ಕಲ್ಲ್ ತೆಗ್ದ್ರೆ ಸ್ಟೇಜ್ ಬೀಳತ್ತ್! ಮಂಡಳಿ ಅಧ್ಯಕ್ಷರ್ ಬಪ್ಪದ್ ಗೊತ್ತಿಲ್ಯಾ ನಿಂಗೆ?”

“ಅಧ್ಯಕ್ಷರ್ ಹನ್ನೊಂದ್ ಗಂಟೆಗೆ ಬತ್ರ್. ನೀರೂ ಹನ್ನೊಂದ್ ಗಂಟೆಗೇ ಬತ್ತ್. ನನ್ ಮನಿ ಒಳ್ಗೆ ಹೋತ್ತಲ್ದಾ, ಅದ್ಕೆಂತ ಮಾಡುದ್?”

“ಒಂದ್ ದಿನ ಸುಧಾರ್ಸ್ಕೋ. ಊರ್ ಮರ್ಯಾದಿ ಪ್ರಶ್ನೆ.”

“ಊರಿನ ಮರ್ಯಾದಿ ನನ್ ಚರಂಡಿಯೊಳ್ಗೇ ಇಡ್ಕಾ? ನಿನ್ ಜಗ್ಲಿ ಮೇಲ್ ಜಾಗ ಇರ್ಲಿಲ್ಯಾ?”

ಶೇಖರನಿಗೆ ಅದು ಕೇಳಿಸಲಿಲ್ಲ. ಅವನು ಆಗಲೇ ಹೂವಿನವನ ಕಡೆ ಓಡಿದ್ದ.

ದಾರಿಯ ತುದಿಯಲ್ಲಿ ಮಂಡಳಿಯ ಎಂಜಿನಿಯರ್ ಯೋಗೀಶ್ ಕುರ್ಚಿ ಇಳಿಸುತ್ತಿದ್ದ. ಮುತ್ತ ಹೇಳಿದ್ದನ್ನೆಲ್ಲ ಅವನು ತಾಳ್ಮೆಯಿಂದ ಕೇಳಿದ. ಆಮೇಲೆ ಮೊಬೈಲು ತೆಗೆದು ಒಂದು ಪಟ್ಟಿ ತೋರಿಸಿದ.

“ನೋಡಿ, ಈ ಯೋಜನೆಯಲ್ಲಿ ಎರಡು ಹಂತ. ಮೊದಲ ಹಂತ ಸಂಸ್ಕೃತಿ, ಎರಡನೇ ಹಂತ ಚರಂಡಿ. ಮೊದಲ ಹಂತ ಮುಗಿಯದೆ ನಾನು ಚರಂಡಿಗೆ ಕೈ ಹಾಕುವ ಹಾಗಿಲ್ಲ.”

“ಸರ್, ನಿಮ್ಮ್ ಜನ ಆಗ್ಲೇ ಕೈ ಹಾಕಿರಲ್ದಾ! ನಾಕ್ ಕಲ್ಲ್ ಹಾಕಿರ್!”

“ಅದು ಚರಂಡಿ ಕೆಲಸ ಅಲ್ಲ. ವೇದಿಕೆ ಕೆಲಸ. ವೇದಿಕೆ ಸಂಸ್ಕೃತಿಯಲ್ಲಿ ಬರುತ್ತೆ.”

ಮುತ್ತನಿಗೆ ಸಿಟ್ಟು ಪಾದದಿಂದ ಹೊರಟು ಸೊಂಟಕ್ಕೆ ಬಂತು. ನೀರು ಕೂಡ ಹಿತ್ತಲಲ್ಲಿ ಅದೇ ಲೆಕ್ಕದಲ್ಲಿ ಏರುತ್ತಿತ್ತು.

ಗೋಡೆಗಳ ಚಿತ್ರಗಳಿಗೆ ಕಲಾ ನಿರ್ದೇಶಕಿ ಶ್ರೀಲತಾ. ಬೆಂಗಳೂರಿನಿಂದ ಬಂದವಳು, ಮೃದು ಮಾತು. ಒದ್ದೆ ಲುಂಗಿ ಎತ್ತಿ ಕಟ್ಟಿ ಕೆಂಪು ಮುಖದಲ್ಲಿ ಬಂದ ಮುತ್ತನನ್ನು ಕಂಡದ್ದೇ ಅವಳ ಕಣ್ಣು ಅರಳಿತು.

“ಅಯ್ಯೋ, ಹೀಗೇ ಇರಿ! ಆ ಗೋಡೆ ಹತ್ತಿರ ನಿಲ್ಲಿ. ಬಲೆ ಇದ್ದರೆ ಹೆಗಲ ಮೇಲೆ ಹಾಕಿಕೊಳ್ಳಿ.”

“ಅಮ್ಮಾ, ನನ್ ಮನಿಗೆ ನೀರ್ ನುಗ್ತಾ ಇತ್ತ್.”

“ಎಷ್ಟು ಸಹಜವಾಗಿ ಹೇಳ್ತೀರಿ! ಇನ್ನೊಂದು ಸಲ ಹೇಳಿ, ರೆಕಾರ್ಡ್ ಮಾಡ್ಕೋತೀನಿ.” ಅವಳು ಮೊಬೈಲನ್ನು ಅವನ ಗಲ್ಲಕ್ಕೆ ಹಿಡಿದಳು. “ಗೋಡೆಗೆ ಬಣ್ಣ ಬಂದಮೇಲೆ ನಿಮ್ಮ ಬದುಕಲ್ಲಿ ಏನು ಬದಲಾವಣೆ ಆಗಿದೆ?”

“ಮೊದ್ಲ್ ನೀರ್ ಹೊರ್ಗೆ ಹೋತಿತ್ತ್. ಈಗ ಒಳ್ಗೆ ಬತ್ತ್.”

ಶ್ರೀಲತಾ ಅದನ್ನು ಮೂರು ಸಲ ಕೇಳಿ, “ಇದರಲ್ಲಿ ಒಂದು ಕಾವ್ಯ ಇದೆ” ಎಂದಳು.

ಅವನು ಮನೆಗೆ ಬಂದಾಗ ಹೆಂಡತಿ ಗಿರಿಜಾ ಅಕ್ಕಿಯ ಚೀಲವನ್ನು ಮಿಕ್ಸಿಯ ಮೇಲೆ, ಮಿಕ್ಸಿಯನ್ನು ಹೊಲಿಗೆ ಯಂತ್ರದ ಮೇಲೆ ಏರಿಸಿ ಬೀಳದ ಹಾಗೆ ಕೈಯಲ್ಲಿ ಹಿಡಿದು ನಿಂತಿದ್ದಳು. ಮುತ್ತನ ಅಮ್ಮ ಮಂಚದ ಮೇಲೆ ಕಾಲು ಮಡಿಸಿ ಕೂತಿದ್ದರು. ನೀರು ಹೊಸ್ತಿಲು ದಾಟಿತ್ತು. ಮಲ್ಪೆಯಿಂದ ರಿಪೇರಿಗೆ ಬಂದಿದ್ದ ದೊಡ್ಡ ಬಲೆಯೊಂದು ನಡುಮನೆಯಲ್ಲಿ ತೇಲುತ್ತಿತ್ತು, ಅದರಲ್ಲಿ ಆಗಲೇ ಒಂದು ಸಣ್ಣ ಏಡಿ ಸಿಕ್ಕಿಬಿದ್ದಿತ್ತು.

“ಎಂತ ಹೇಳ್ರ್ ಅವ್ರ್?” ಗಿರಿಜಾ ಕೇಳಿದಳು.

“ಕಾವ್ಯ ಇತ್ತಂಬ್ರ್.”

“ಕಾವ್ಯವಾ! ಎಂಟ್ ವರ್ಷ ಅರ್ಜಿ ಬರ್ದ್ ಬರ್ದ್ ಪೆನ್ನ್ ಮುಗ್ಸಿದ್ದ್ ಸಾಕ್. ಈಗ ಕೈ ಕಾಲ್ ಇತ್ತಾ ಇಲ್ಯಾ ನಿಮ್ಗೆ?”

ಹೊರಗೆ ಮೈಕು ಕಿರುಚಿತು. ಅಧ್ಯಕ್ಷರು ಬಂದಿದ್ದರು. ಹೂಮಾಲೆ, ಪ್ರಾರ್ಥನೆ, ದೀಪ. ಶೇಖರನ ಸ್ವರ ಇಡೀ ಕೇರಿಗೆ ಕೇಳಿಸಿತು: “ಒಂದು ಕಾಲದಲ್ಲಿ ಕೊಳೆಗೇರಿ ಅನ್ನಿಸಿಕೊಂಡಿದ್ದ ನಮ್ಮ ಕೇರಿ ಈಗ ಕಲೆಯ ಬೀಡು. ಮಾನ್ಯರೇ, ಇಲ್ಲಿ ಈಗ ಒಂದೇ ಒಂದು ಸಮಸ್ಯೆಯೂ ಇಲ್ಲ ಎಂದು ಹೇಳಲು ನನಗೆ ಸಂತೋಷವಾಗುತ್ತದೆ!”

ಚಪ್ಪಾಳೆ ಬಿತ್ತು. ಒಳಗೆ ಮಿಕ್ಸಿಯೂ ಬಿತ್ತು.

ಮುತ್ತನ ಸಿಟ್ಟು ನೆತ್ತಿಗೆ ಬಂದದ್ದು ಆಗ. ಮೂಲೆಯಲ್ಲಿದ್ದ ಹಾರೆ ಎತ್ತಿಕೊಂಡು ನೀರಿನಲ್ಲಿ ಚಳಚಳ ತುಳಿಯುತ್ತ ಅಂಗಳಕ್ಕೆ ಬಂದ. ಅಂಗಳಕ್ಕೂ ದಾರಿಗೂ ನಡುವೆ ಇದ್ದದ್ದು ಮಂಡಳಿ ಕಟ್ಟಿಸಿದ ಆ ಮೊಣಕಾಲೆತ್ತರದ ಕಟ್ಟೆ. ‘ಸಮಸ್ಯೆ ಇಲ್ಯಾ? ತಕೊ, ನಿಂಗೂ ಸ್ವಲ್ಪ’ ಎಂದು ಹಲ್ಲು ಕಡಿದು ಅದಕ್ಕೆ ಹಾರೆ ಬೀಸಿದ. ಒಂದು ಏಟು ಶೇಖರನ ಹೆಸರಿಗೆ, ಒಂದು ಎಂಜಿನಿಯರನ ಹೆಸರಿಗೆ, ಒಂದು ಗೋಡೆಯ ಮೇಲೆ ನಗುತ್ತಿದ್ದವನ ಹೆಸರಿಗೆ. ನಾಲ್ಕನೆಯ ಏಟಿಗೆ ಕಟ್ಟೆ ಬಾಯಿ ಬಿಟ್ಟಿತು.

ತಡೆದಿದ್ದ ನೀರೆಲ್ಲ ಭರ್ರನೆ, ಅಂಗಳಕ್ಕಿಂತ ತಗ್ಗಿದ್ದ ಹೊಸ ದಾರಿಗೆ ನುಗ್ಗಿತು. ಎರಡು ಬದಿಗೂ ಕಟ್ಟೆ ಕಟ್ಟಿಸಿದ್ದರಿಂದ ಅದಕ್ಕೆ ಬೇರೆಲ್ಲಿಗೂ ಹೋಗಲಿಕ್ಕಿರಲಿಲ್ಲ. ಜನ ಸೀರೆ, ಪಂಚೆ, ಪ್ಯಾಂಟು ಎತ್ತಿಕೊಂಡು ಕುರ್ಚಿ ಹತ್ತಿದರು. ಶೇಖರನ ಚಪ್ಪಲಿ ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ ತೇಲಿತು. ವೇದಿಕೆಯ ಕೆಳಗೆ ಒಂದಡಿ ನೀರು ನಿಂತಿತು. ಮುತ್ತ ಹಾರೆ ಊರಿಕೊಂಡು ಎದೆಯುಬ್ಬಿಸಿ ನಿಂತ. ಎಂಟು ವರ್ಷದಲ್ಲಿ ಮೊದಲ ಸಲ ಅವನ ಅರ್ಜಿ ತಲುಪಬೇಕಾದವರ ಕಾಲಬುಡಕ್ಕೇ ತಲುಪಿತ್ತು.

“ಹಿಡೀರಿ ಅವನನ್ನ!” ಎಂದು ಯೋಗೀಶ್ ಕೂಗಿದ.

ಅಧ್ಯಕ್ಷರು ಕೈ ಎತ್ತಿ ತಡೆದರು. ಅವರು ವೇದಿಕೆಯ ಅಂಚಿಗೆ ಬಂದು ಕೆಳಗೆ ನೋಡುತ್ತಿದ್ದರು. ನೀರು ನಿಧಾನವಾಗಿ ತಿಳಿಯಾಗುತ್ತಿತ್ತು. ಗೋಡೆಗಳ ದೋಣಿ, ಮೀನು, ನಗುವ ಮುಖ ಎಲ್ಲವೂ ತಲೆಕೆಳಗಾಗಿ ಅದರಲ್ಲಿ ಮಿಂಚುತ್ತಿದ್ದವು. ಕ್ಯಾಮೆರಾದವರು ಕುರ್ಚಿಯಿಂದ ಕುರ್ಚಿಗೆ ಹಾರಿ ಫೋಟೊ ಹೊಡೆಯತೊಡಗಿದರು.

ಅಧ್ಯಕ್ಷರು ಕಿಸೆಯಿಂದ ಒಂದು ಕಾಗದ ತೆಗೆದು ಮೈಕಿನ ಮುಂದೆ ನಿಂತರು.

“ಬಂಧುಗಳೇ, ಈ ಕೇರಿಯ ಒಬ್ಬರು ಎಂಟು ವರ್ಷದಿಂದ ಬರೆದ ಅರ್ಜಿಗಳು ಹೋದ ತಿಂಗಳು ನನ್ನ ಮೇಜಿಗೆ ಬಂದವು. ಓದಿ ಮನಸ್ಸು ಕರಗಿತು. ಎರಡನೇ ಹಂತದ ಚರಂಡಿಗೆ ನಿನ್ನೆ ಸಂಜೆ ಮಂಜೂರಾತಿಗೆ ಸಹಿ ಹಾಕಿದ್ದೇನೆ. ಸೋಮವಾರ ಕೆಲಸ ಶುರು ಎಂದು ಇಲ್ಲಿ ಘೋಷಿಸಲೆಂದೇ ಬಂದಿದ್ದೆ.”

ಮುತ್ತನ ಕೈಯಿಂದ ಹಾರೆ ಜಾರಿತು.

“ಆದರೆ ಈ ದೃಶ್ಯ ನೋಡಿದ ಮೇಲೆ ನನ್ನ ಕಣ್ಣು ತೆರೆಯಿತು. ಇಂಥ ನೀರಿನ ಬೀದಿ ನೋಡಲು ನಾವು ಲಕ್ಷ ಲಕ್ಷ ಖರ್ಚು ಮಾಡಿ ಇಟಲಿಗೆ ಹೋಗಿದ್ದೆವು. ಈ ನೀರನ್ನು ಹೊರಗೆ ಕಳಿಸಲು ಚರಂಡಿ ಕಟ್ಟುವುದು ಸಂಸ್ಕೃತಿಗೆ ಮಾಡುವ ದ್ರೋಹ!” ಅವರು ಪೆನ್ನು ತೆಗೆದು ಕಾಗದದ ಮೇಲೆ ಒಂದು ಗೆರೆ ಎಳೆದರು. “ಆ ಹಣದಲ್ಲೇ ತಡೆಗೋಡೆ ಕಟ್ಟಿಸಿ ನೀರು ಇಳಿಯದ ಹಾಗೆ ಮಾಡೋಣ. ದೋಣಿ ವಿಹಾರ ಇಡೋಣ. ಈ ಕಲ್ಪನೆ ಕೊಟ್ಟ ಕಲಾವಿದ ಎಲ್ಲಿ?”

ಹತ್ತು ಕೈಗಳು ಸೇರಿ ಮುತ್ತನನ್ನು ವೇದಿಕೆಗೆ ಎತ್ತಿ ಹಾಕಿದವು. ಅವನು ಬಾಯಿ ತೆರೆಯುವ ಮೊದಲೇ ಶಾಲು ಬಿತ್ತು, ಹಾರ ಬಿತ್ತು, ಪೇಟ ಕಣ್ಣಿನ ತನಕ ಇಳಿಯಿತು. “ನಮ್ಮ ಮುತ್ತಣ್ಣ!” ಎಂದು ಶೇಖರ ಬರಿಗಾಲಲ್ಲಿ ಮೈಕು ಹಿಡಿದು ಕೂಗಿದ.

ಗಿರಿಜಾ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. ಸೆರಗಿನಿಂದ ನೀರು ಇಳಿಯುತ್ತಿತ್ತು. “ಹ್ವಾಯ್, ಎಂತ ಆಯ್ತ್? ಚರಂಡಿ ಮಾಡ್ತ್ರಾ?”

ಮುತ್ತ ಪೇಟವನ್ನು ಹಿಂದಕ್ಕೆ ತಳ್ಳಿ ಹೆಂಡತಿಯ ಮುಖ ನೋಡಿದ. ಹೇಳಲೇಬೇಕಿತ್ತು.

“ಮಂಚದ್ ಕಾಲಿಗೆ ಇನ್ನೆರಡ್ ಕಲ್ಲ್ ಕೊಡ್ ಹೆಣೆ,” ಎಂದ. “ನೀರ್ ಇಲ್ಲೇ ಇರ್ಲಿ ಅಂದ್ರ್.”