ಯಶವಂತಪುರದ ನೀರುತೊಟ್ಟಿಯೂ ಮಾರ್ಷಲ್ ಸಾಹೇಬರ ಮರಣವೂ

ಇಂಗ್ಲೆಂಡಿನ ಮಹಾವೀರ ವಿಲಿಯಂ ಮಾರ್ಷಲ್ ಅವರು ಯಶವಂತಪುರ ಸ್ಟೇಷನ್ ಎದುರಿನ ಕುದುರೆ ನೀರುತೊಟ್ಟಿಯ ವಿಚಾರಣೆಗೆ ಮೂರು ಸಲ ಕರೆದರೂ ಹಾಜರಾಗಲಿಲ್ಲ. ಅವರು ೧೨೧೯ರಲ್ಲೇ ತೀರಿಕೊಂಡದ್ದು ಇದಕ್ಕೆ ಕಾರಣವೆಂದು ಕೆಲವರು ಹೇಳಿದರಾದರೂ ನಮ್ಮ ನಗರಸಭೆ ಕಚೇರಿಯಲ್ಲಿ ಅದಕ್ಕೆ ದಾಖಲೆ ಇರಲಿಲ್ಲ.

ಆ ತೊಟ್ಟಿಯನ್ನು ಹಿಂದೆ ಯಾರೋ ಬಿಳಿ ದೊರೆ ಕಟ್ಟಿಸಿ, ತಮ್ಮ ನೆಚ್ಚಿನ ವೀರನ ಹೆಸರು ಕೆತ್ತಿಸಿದ್ದರು. ೧೯೬೧ರಲ್ಲಿ ಹೊಸ ನಿಯಮ ಬಂತು. ತೊಟ್ಟಿಯ ಮೇಲೆ ಹೆಸರುಳ್ಳವರು ಖುದ್ದು ಬಂದು ಒಪ್ಪಿಗೆ ಕೊಡತಕ್ಕದ್ದು. ಮೃತರಾಗಿದ್ದಲ್ಲಿ, ಅದನ್ನು ರುಜುವಾತುಪಡಿಸಿ, ಅವರ ಕರ್ಮ ಮಾಡುವವರು ಸಹಿ ಹಾಕತಕ್ಕದ್ದು. ತಪ್ಪಿದಲ್ಲಿ ತೊಟ್ಟಿಯನ್ನು ಒಡೆಯತಕ್ಕದ್ದು.

ಜಟಕಾ ಓಡಿಸುವ ಮುನಿಯಣ್ಣನಿಗೆ ಜೀವವೇ ಹಾರಿಹೋಯಿತು. ಅವನ ಕುದುರೆಗೆ ವಯಸ್ಸಾಗಿತ್ತು. ಆ ತೊಟ್ಟಿ ಹೋದರೆ ಬಿಸಿಲಲ್ಲಿ ಬಂದ ಅದಕ್ಕೆ ಹತ್ತಿರದಲ್ಲೆಲ್ಲೂ ನೀರಿರಲಿಲ್ಲ. ಅವನು ನಮ್ಮ ಮೇಲಧಿಕಾರಿ ಆನಂದಪ್ಪನವರ ಮುಂದೆ ಬಂದು ಕೈಮುಗಿದ.

"ಸ್ವಾಮಿ, ಅವ್ರು ಸತ್ತ ವರ್ಸ ಕಲ್ಲಲ್ಲೇ ಬರ್ದೈತಲ್ಲ."

"ಕಲ್ಲಿಗೆ ಸಹಿ ಇಲ್ಲ, ಮೊಹರಿಲ್ಲ. ಹೆಂಗಯ್ಯ ನಂಬೋದು?" ಎಂದ ಆನಂದಪ್ಪನವರು, ನ್ಯಾಯವಂತರಾದ್ದರಿಂದ, ಕಡತದಲ್ಲಿದ್ದ ಸಾಹೇಬರ ಚರಿತ್ರೆಯನ್ನು ಓದಿ ಹೇಳಿದರು. ಚಿಕ್ಕಂದಿನಲ್ಲಿ ಅಪ್ಪ ಅವನನ್ನು ರಾಜನ ಬಳಿ ಒತ್ತೆಯಿಟ್ಟಿದ್ದ. ಅಪ್ಪ ಮಾತು ತಪ್ಪಿದ್ದಕ್ಕೆ ಹುಡುಗನನ್ನು ನೇಣಿಗೆ ಹಾಕುವೆನೆಂದು ರಾಜ ಹೆದರಿಸಿದರೆ, ಹಾಕಿಕೋ, ನನಗೆ ಬೇರೆ ಮಕ್ಕಳಾಗುತ್ತವೆ ಎಂದಿದ್ದ. ಹೇಗೋ ಉಳಿದ ಹುಡುಗ ದೊಡ್ಡವನಾಗಿ, ಈಟಿಕಾಳಗದ ಪಂದ್ಯಗಳಲ್ಲಿ ಸೋತವರ ಕುದುರೆಗಳನ್ನೆಲ್ಲ ಗೆದ್ದು, ರಾಜರಿಗೆ ನಿಯತ್ತಾಗಿ ದುಡಿದು, ಕೊನೆಗೆ ರಾಜ್ಯವನ್ನೇ ಕಾಪಾಡಿದ. ಐದು ಗಂಡುಮಕ್ಕಳಾದರು. ಅವರಲ್ಲಿ ಯಾರಿಗೂ ಮಕ್ಕಳಾಗದೆ ಗಂಡುಸಂತತಿ ನಿಂತುಹೋಯಿತು.

ಮುನಿಯಣ್ಣ ಇದನ್ನೆಲ್ಲ ಮನೆಯಲ್ಲಿ ಹೇಳಿದಾಗ ಅವನ ಹೆಂಡತಿ ದೊಡ್ಡಮುನಿಯಮ್ಮ ರಾಗಿ ಕೇರುವುದನ್ನು ನಿಲ್ಲಿಸಿದಳಂತೆ.

"ಅಂಗಾರೆ ಪಾಪ, ಅವ್ರಿಗೆ ಎಡೆ ಇಕ್ಕೋರೇ ಇಲ್ವಾ? ಅಮಾಸೆ ದಿನ ನಾವೇ ಇಕ್ಕಾನ. ಕಾಗೆ ಮುಟ್ಟಿದ್ರೆ ಸತ್ತೌರೆ ಅಂತ ತಾನೆ?"

ಮುನಿಯಣ್ಣ ಇದನ್ನು ಅರ್ಜಿಯಾಗಿ ಬರೆಸಿ ತಂದ. ಆನಂದಪ್ಪನವರು ಎರಡು ದಿನ ನಿಯಮಾವಳಿ ತಿರುವಿದರು. ಕಾಗೆಯ ಸಾಕ್ಷ್ಯವನ್ನು ತಳ್ಳಿಹಾಕುವ ನಿಯಮ ಸಿಗಲಿಲ್ಲ. ಅರ್ಜಿ ಮಂಜೂರಾಯಿತು.

ಮಹಾಲಯ ಅಮಾವಾಸ್ಯೆಯಂದು ಮಹಜರು ಬರೆಯಲು ಆನಂದಪ್ಪನವರೂ ಪಂಚನಾಗಿ ನಾನೂ ಮುನಿಯಣ್ಣನ ಮನೆಗೆ ಹೋದೆವು. ಯುದ್ಧ ಮಾಡಿದವರು ಸೊಪ್ಪಿನ ಸಾರು ತಿನ್ನಲಾರರೆಂದು ದೊಡ್ಡಮುನಿಯಮ್ಮ ಕೋಳಿ ಸಾರು ಮಾಡಿದ್ದಳು. ಪಕ್ಕದಲ್ಲಿ ವಡೆ, ಪಾಯಸ, ಸಾಹೇಬರ ಕುದುರೆಗೆಂದು ಒಂದು ಹಿಡಿ ಬೇಯಿಸಿದ ಹುರುಳಿ. ಎಡೆಯನ್ನು ಮಾಡಿನ ಹೆಂಚಿನ ಮೇಲಿಟ್ಟು ಕಾದೆವು. ಕಾಗೆ ಬರಲಿಲ್ಲ. ಒಂದಾಯಿತು, ಎರಡಾಯಿತು. ಆನಂದಪ್ಪನವರು ಗಡಿಯಾರ ನೋಡಿ, "ಬದುಕಿದ್ದಾರೆ ಅಂತ್ಲೇ ಬರೀಬೇಕಾಗುತ್ತೆ ಕಣಯ್ಯ" ಎಂದರು. ಮುನಿಯಣ್ಣ ಮುಖ ಆ ಕಡೆ ತಿರುಗಿಸಿಕೊಂಡ.

ಆಗ ದೊಡ್ಡಮುನಿಯಮ್ಮ ಸೆರಗು ಹೊದ್ದು ಮುಂದೆ ಬಂದಳು.

"ದೊರೆ, ನಿಮ್ಮಪ್ಪ ಬ್ಯಾಡ ಅಂದ್ರೆ ಅನ್ಲಿ. ನಾವು ವರ್ಸಾ ವರ್ಸಾ ಇಕ್ತೀವಿ. ಬಂದು ಉಣ್ಣಪ್ಪ."

ಕಾಗೆ ಬಂತು. ವಡೆಯನ್ನೇ ಮೊದಲು ಎತ್ತಿತು. ಸದರಿ ವಿಲಿಯಂ ಮಾರ್ಷಲ್‌ರವರು ಈ ದಿನ ಎರಡು ಗಂಟೆ ಹತ್ತು ನಿಮಿಷಕ್ಕೆ ಮೃತರೆಂದು ರುಜುವಾತಾಗಿದೆ ಎಂದು ಆನಂದಪ್ಪನವರು ಬರೆದರು, ನಾನು ರುಜು ಹಾಕಿದೆ. ಆಮೇಲೆ ಎಲ್ಲರೂ ಊಟಕ್ಕೆ ಕೂತೆವು.

ಮರಣ ಈಗಷ್ಟೇ ಆದದ್ದರಿಂದ ವಾರಸುದಾರನಿಗೆ ಸೂತಕ ತಗುಲಿತು. ಹನ್ನೊಂದು ದಿನ ಕಳೆದ ಮೇಲೆ ಮುನಿಯಣ್ಣ ತಲೆ ಬೋಳಿಸಿಕೊಂಡು ಬಂದು ಸಹಿ ಹಾಕಿದ. ತೊಟ್ಟಿ ಉಳಿಯಿತು.

ಅದೇ ಬೆಳಿಗ್ಗೆ ರೈಲಿಳಿದು ಬಂದ ಹಿರಿಯರೊಬ್ಬರು, ತೊಟ್ಟಿಯ ಬಳಿ ಕುದುರೆಗೆ ನೀರು ಕುಡಿಸುತ್ತಿದ್ದ ಮುನಿಯಣ್ಣನ ಬೋಳುತಲೆ ನೋಡಿ ನಿಂತರು.

"ಯಾರು ಹೋದ್ರಪ್ಪ?"

"ಮನೆ ಇರೀಕ್ರು, ಸ್ವಾಮಿ."

"ವಯಸ್ಸಾಗಿತ್ತಾ?"

"ಎಂಟ್ನೂರು ದಾಟಿತ್ತು."

"ತುಂಬು ಜೀವನ ಬಿಡು. ನರಳಲಿಲ್ಲ ತಾನೆ?"

"ಇಲ್ಲ ಸ್ವಾಮಿ. ಒಟ್ಟೆ ತುಂಬಾ ಉಂಡು ಓದ್ರು."

ಅಂಥ ಸಾವು ಎಲ್ಲರಿಗೂ ಸಿಗುವುದಿಲ್ಲವೆಂದು ಹೇಳಿ, ಹಿರಿಯರು ಜಟಕಾ ಹತ್ತಿ ಕುಳಿತರು.